‘ಹಾಸಿಗೆ ಕಚ್ಚಿದೆ’ ಅನ್ನಬಹುದೇ? ಆರೈಕೆಯ ಕೆಲವು ಪದಗಳ ಬಗ್ಗೆ

ಶಿರಸಿಯಲ್ಲಿ ಹೋಂ ನರ್ಸ್ ಕೆಲಸ ಕಲಿಯಲು ಬಂದಿರುವ ಹನ್ನೆರಡು ಹುಡುಗಿಯರಿಗಾಗಿ ಒಂದು ಕೈಪಿಡಿ ತಿದ್ದಿಕೊಡುತ್ತಿದ್ದೇನೆ. ಯಾರೋ ಇಂಗ್ಲಿಷಿನಿಂದ ಕನ್ನಡಕ್ಕೆ ತಂದದ್ದು. ಕಾಗುಣಿತ ಸರಿಯಿದೆ, ವ್ಯಾಕರಣ ಸರಿಯಿದೆ, ಓದಿದರೆ ಮಾತ್ರ ಒಂದಕ್ಷರವೂ ತಲೆಗೆ ಹೋಗುವುದಿಲ್ಲ. ‘ರೋಗಿಯನ್ನು ಉತ್ತಾನ ಭಂಗಿಯಿಂದ ಪಾರ್ಶ್ವ ಭಂಗಿಗೆ ಪರಿವರ್ತಿಸಿ ಒತ್ತಡ ವ್ರಣವನ್ನು ತಡೆಗಟ್ಟತಕ್ಕದ್ದು’ ಎಂಬ ವಾಕ್ಯವನ್ನು ಮೊನ್ನೆ ಗಟ್ಟಿಯಾಗಿ ಓದಿಸಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಂಕೋಲಾ ಕಡೆಯ ಹುಡುಗಿಯೊಬ್ಬಳು, “ಅಂಗಾತ ಮಲಗಿದವ್ರನ್ನ ಮಗ್ಗುಲಿಗೆ ಹೊರಳಿಸುದಾ ಸರ್?” ಅಂದಳು. ಪಕ್ಕದವಳು, “ಒತ್ತಡ ಅಂದ್ರೆ ಟೆನ್ಷನ್ ಅಲ್ವಾ? ಟೆನ್ಷನ್ ಮಾಡ್ಕಂಡ್ರೆ ಹುಣ್ಣು ಬರ್ತದಾ?” ಅಂತ ಕೇಳಿದಳು. ಅವಳದ್ದು ತಪ್ಪು ಅನ್ನುವ ಹಾಗಿಲ್ಲ. ಒತ್ತಡ ಅಂದರೆ ಇವತ್ತು ಜನರ ಕಿವಿಗೆ ಬೀಳುವುದು ಒಂದೋ ಮನಸ್ಸಿನದ್ದು, ಇಲ್ಲ ರಕ್ತದ್ದು.

ಮಲಗುವ ರೀತಿಗಳ ಬಗ್ಗೆ ನನಗೆ ಯಾರ ಸಹಾಯವೂ ಬೇಡ. ಅಂಗಾತ, ಬೋರಲು, ಎಡಮಗ್ಗುಲು, ಬಲಮಗ್ಗುಲು, ಒರಗಿ. ಇಷ್ಟು ಖಚಿತವಾದ ಮಾತುಗಳು ಅಡುಗೆಮನೆಯಲ್ಲೇ ಸಿಗುವಾಗ ಉತ್ತಾನವನ್ನು ಹುಡುಕಿಕೊಂಡು ಹೋದವರು ಯಾರೋ. ಒಂದೇ ಒಂದು ಹೊರಗಿನ ಹೆಸರನ್ನು ಉಳಿಸಿಕೊಂಡಿದ್ದೇನೆ, ‘ಸೆಮಿ ಫೌಲರ್’. ಮಣಿಪಾಲದಿಂದಲೋ ಹುಬ್ಬಳ್ಳಿಯಿಂದಲೋ ಬಿಡುಗಡೆಯಾಗಿ ಬರುವವರ ಚೀಟಿಯಲ್ಲಿ ಅದೇ ಬರೆದಿರುತ್ತದೆ. ಫೌಲರ್ ಅಮೆರಿಕದ ಒಬ್ಬ ಶಸ್ತ್ರವೈದ್ಯ, ಅವನ ಹೆಸರೇ ಆ ಭಂಗಿಗೆ ನಿಂತಿದೆ. ತಲೆಯ ಕಡೆಯನ್ನು 30ರಿಂದ 45 ಡಿಗ್ರಿಯಷ್ಟು ಎತ್ತುವುದು ಅಂತ ಅರ್ಥ. ನಮ್ಮ ಮನೆಗಳಲ್ಲಿ ಹ್ಯಾಂಡಲ್ ತಿರುಗಿಸುವ ಮಂಚ ಇರುವುದಿಲ್ಲ. ಬೆನ್ನಿರುವ ಮರದ ಕುರ್ಚಿಯನ್ನು ಹಾಸಿಗೆಯ ತಲೆಭಾಗದಲ್ಲಿ ಮಗುಚಿಟ್ಟರೆ ಅದರ ಬೆನ್ನು ಇಳಿಜಾರಾಗಿ ನಿಲ್ಲುತ್ತದೆ, ಅದರ ಮೇಲೆ ಎರಡು ದಿಂಬು. ಕೈಪಿಡಿಯಲ್ಲಿ ‘ಒರಗಿಸಿ ಮಲಗಿಸುವುದು, ಆಸ್ಪತ್ರೆಯವರು ಇದನ್ನು ಸೆಮಿ ಫೌಲರ್ ಅನ್ನುತ್ತಾರೆ’ ಅಂತ ಬರೆದು ಮುಂದೆ ಹೋದೆ.

ತೊಡಕು ಶುರುವಾದದ್ದು ಆ ‘ಒತ್ತಡ ವ್ರಣ’ದಿಂದ, ಅಂದರೆ ಮಲಗಿದಲ್ಲೇ ಇರುವವರಿಗೆ ಆಗುವ ಬೆಡ್‌ಸೋರ್‌ನಿಂದ.

‘ಹಾಸಿಗೆ ಹುಣ್ಣು’ ಅಂತ ಪತ್ರಿಕೆಗಳಲ್ಲಿ ಬರುತ್ತದೆ, ಮನೆಯವರು ‘ಬೆನ್ನು ಹುಣ್ಣಾಗಿದೆ’ ಅನ್ನುತ್ತಾರೆ. ಎರಡೂ ಒಳ್ಳೆಯ ಮಾತೇ. ಆದರೆ ಹುಣ್ಣು ಅಂದಕೂಡಲೇ ಚರ್ಮ ಒಡೆದಿದೆ, ಒಸರುತ್ತಿದೆ ಅಂತ ಆಯಿತು. ಈ ಕೆಲಸದಲ್ಲಿ ಹಿಡಿಯಬೇಕಾದದ್ದು ಅದಕ್ಕಿಂತ ಮೊದಲಿನ ಸ್ಥಿತಿಯನ್ನು. ಬಾಲಮೂಳೆಯ ಮೇಲೆ, ಹಿಮ್ಮಡಿಯಲ್ಲಿ, ಸೊಂಟದ ಎಲುಬಿನ ಮೇಲೆ, ಹಿಂದಲೆಯಲ್ಲಿ ಒಂದು ಕೆಂಪು ಗುರುತು ಕಾಣುತ್ತದೆ. ಬೆರಳಿನಿಂದ ಒತ್ತಿ ಬಿಟ್ಟಾಗ ಅಲ್ಲಿ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಹೆದರಬೇಕಿಲ್ಲ. ಬಿಳಿಚಿಕೊಳ್ಳದೆ ಹಾಗೇ ನಿಂತರೆ ಒಳಗೆ ಕೆಲಸ ಶುರುವಾಗಿದೆ ಅಂತ ಲೆಕ್ಕ. ಕಪ್ಪು ಮೈಯವರಲ್ಲಿ ಕೆಂಪು ಕಾಣದೇ ಹೋಗಬಹುದು. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಬಣ್ಣ ಬೇರೆಯಾಗಿದೆಯೇ ಅಂತ ಕೈಯಿಟ್ಟು ನೋಡಬೇಕು. ಈ ಹಂತಕ್ಕೆ ಹುಣ್ಣು ಅಂತ ಹೆಸರಿಟ್ಟರೆ, “ಹುಣ್ಣಾಗಿಲ್ಲ, ಬರೀ ಕೆಂಪಾಗಿದೆ” ಅಂತ ಹುಡುಗಿಯರು ಫೋನಿನಲ್ಲಿ ಹೇಳುತ್ತಾರೆ, ನಾವೂ ಸುಮ್ಮನಾಗುತ್ತೇವೆ.

ಇಂಗ್ಲಿಷಿನವರಿಗೂ ಇದೇ ಫಜೀತಿ. ಹಳೆಯ ಹೆಸರು ಡೆಕ್ಯುಬಿಟಸ್ ಅಲ್ಸರ್, ಮಲಗಿದ್ದರಿಂದ ಬಂದ ಹುಣ್ಣು ಅಂತ. ಆದರೆ ಗಾಲಿಕುರ್ಚಿಯಲ್ಲಿ ಕೂತೇ ಇರುವವರಿಗೂ ಅದು ಬರುತ್ತದೆ. ಹಾಗಾಗಿ ಪ್ರೆಶರ್ ಅಲ್ಸರ್ ಬಂತು. ಚರ್ಮ ಒಡೆಯದಿದ್ದಾಗಲೂ ಅಲ್ಸರ್ ಅನ್ನುವುದು ಸರಿಯಲ್ಲ ಅಂತ 2016ರಲ್ಲಿ ಅಮೆರಿಕದ ತಜ್ಞರ ಮಂಡಳಿ ಅದನ್ನೂ ಬಿಟ್ಟು ಪ್ರೆಶರ್ ಇಂಜುರಿ ಅಂದಿತು. ಇದನ್ನು ‘ಒತ್ತು ಗಾಯ’ ಅಂತ ಮಾಡಿ ನೋಡಿದೆ. ತರಗತಿಯಲ್ಲಿ ಯಾರ ಮುಖವೂ ಬೆಳಗಲಿಲ್ಲ.

ಆಗ ಅದೇ ಅಂಕೋಲಾದ ಹುಡುಗಿ, “ಹೊಸ ಚಪ್ಪಲಿ ಕಚ್ಚಿದ ಹಾಗೆ ಹಾಸಿಗೆ ಕಚ್ಚುದು, ಅಲ್ವಾ ಸರ್?” ಅಂದಳು.

ಚಪ್ಪಲಿ ಕಚ್ಚುವುದು ಹೇಗೆ ಅಂತ ಎಲ್ಲರಿಗೂ ಗೊತ್ತು. ಮೊದಲು ಕೆಂಪಾಗುತ್ತದೆ, ಆಮೇಲೆ ಬೊಕ್ಕೆ, ಆಮೇಲೆ ತೊಗಲು ಸುಲಿಯುತ್ತದೆ. ಆಸ್ಪತ್ರೆಯ ಪುಸ್ತಕದ ನಾಲ್ಕು ಹಂತಗಳಲ್ಲಿ ಮೊದಲೆರಡು ಇವೇ. ಮೂರನೆಯದರಲ್ಲಿ ಕೊಬ್ಬಿನ ಪದರದವರೆಗೆ, ನಾಲ್ಕನೆಯದರಲ್ಲಿ ಸ್ನಾಯು ಎಲುಬುಗಳವರೆಗೆ ಹೋಗುತ್ತದೆ. ಏನು ಮಾಡಬೇಕು ಅಂತಲೂ ಆ ಮಾತು ತಾನೇ ಹೇಳಿಬಿಡುತ್ತದೆ. ಚಪ್ಪಲಿ ಕಚ್ಚಿದರೆ ಆ ಜಾಗವನ್ನು ಯಾರೂ ತಿಕ್ಕುವುದಿಲ್ಲ, ಚಪ್ಪಲಿ ಕಳಚುತ್ತಾರೆ. ನಮ್ಮ ಮನೆಗಳಲ್ಲಿ ಮೊದಲು ಮಾಡುವುದು ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕುವುದು. ಕೆಂಪಾದ ಜಾಗವನ್ನು ತಿಕ್ಕಿದರೆ ಒಳಗಿನ ಸಣ್ಣ ರಕ್ತನಾಳಗಳಿಗೆ ಇನ್ನಷ್ಟು ಪೆಟ್ಟು. ಆ ಜಾಗದ ಮೇಲಿನ ಭಾರ ತೆಗೆಯಬೇಕು, 2 ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ನಾನು ಅರ್ಧ ತಾಸು ಹೇಳಿದ್ದನ್ನು ಅವಳು ಆ ಒಂದು ಮಾತಿನಲ್ಲಿ ಮುಗಿಸಿದಳು.

‘ಹಾಸಿಗೆ ಹಿಡಿದಿದ್ದಾರೆ’ ಅನ್ನುವ ಮಾತು ಹೇಗೂ ನಮ್ಮಲ್ಲಿದೆ. ಅಜ್ಜ ಹಾಸಿಗೆ ಹಿಡಿದ, ಹಾಸಿಗೆ ಅಜ್ಜನನ್ನು ಕಚ್ಚಿತು. ನನಗಂತೂ ಒಪ್ಪಿಗೆ. ಆದರೆ ಕೈಪಿಡಿಯ ಕರಡು ನೋಡಿದ ಸ್ನೇಹಿತರೊಬ್ಬರು, “ತಿಗಣೆ ಕಚ್ಚಿದ್ದು ಅಂದ್ಕೋತಾರೆ ಮಾರಾಯಾ” ಅಂತ ನಕ್ಕರು. ಆ ಅನುಮಾನ ನನ್ನ ತಲೆಯಿಂದ ಹೋಗುತ್ತಿಲ್ಲ. ಮೊದಲ ಹಂತಕ್ಕೆ ‘ಹಾಸಿಗೆ ಕಚ್ಚು’, ಚರ್ಮ ಒಡೆದ ಮೇಲೆ ‘ಹಾಸಿಗೆ ಹುಣ್ಣು’ ಅಂತ ಎರಡನ್ನೂ ಇಟ್ಟರೆ ಹೇಗೆ?

ಎರಡನೆಯದು ‘ನಂಜು’. ಇದರಲ್ಲಿ ನಾನೇ ತಪ್ಪು ಮಾಡಿದ್ದೇನೆ. ಕುಮಟಾ ಹತ್ತಿರದ ಒಂದು ಮನೆಯಲ್ಲಿ, “ಗಾಯಕ್ಕೆ ನಂಜಾಗದ ಹಾಗೆ ನೋಡಿಕೊಳ್ಳಿ” ಅಂತ ಹೇಳಿ ಬಂದಿದ್ದೆ. ನಂಜುನಿರೋಧಕ ಅನ್ನುವ ಪದ ಶಾಲೆಯ ಪುಸ್ತಕದಲ್ಲೇ ಇದೆಯಲ್ಲ, ಆ ಧೈರ್ಯ. ಹದಿನೈದು ದಿನ ಬಿಟ್ಟು ಹೋದರೆ ಗಾಯ ಮಾಗುವ ಲಕ್ಷಣವೇ ಇಲ್ಲ, ಹೆಂಗಸು ಕಡ್ಡಿಯಾಗಿದ್ದಾರೆ. ಸೊಸೆ ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದಳು. ಬದನೆ ನಂಜು, ಸಿಗಡಿ ನಂಜು, ಮೊಟ್ಟೆ ಬೇಡ, ಬೇಳೆಯೂ ಯಾಕೆ ಬೇಕು ಅಂತ ಗಂಜಿ, ಉಪ್ಪು, ಒಂದು ಚೂರು ಲಿಂಬೆ ಉಪ್ಪಿನಕಾಯಿ. ಗಾಯ ಕೂಡಿಕೊಳ್ಳಲು ಬೇಕಾದ ಪ್ರೋಟೀನನ್ನೆಲ್ಲ ನನ್ನ ಒಂದು ಶಬ್ದ ತಟ್ಟೆಯಿಂದ ತೆಗೆಸಿತ್ತು. ಕರಾವಳಿಯಲ್ಲೂ ಘಟ್ಟದ ಮೇಲೂ ನಂಜು ಇರುವುದು ಊಟದಲ್ಲಿ, ಪುಸ್ತಕದಲ್ಲಿ ಇರುವುದು ಕ್ರಿಮಿಯಲ್ಲಿ.

ಈಗ ‘ಸೋಂಕು’ ಅಂತ ಬದಲಿಸಿದ್ದೇನೆ. ಮೊದಲಾದರೆ ಇದಕ್ಕೂ ಹೆದರುತ್ತಿದ್ದೆ, ಹಳಬರಿಗೆ ಸೋಂಕು ಅಂದರೆ ಗಾಳಿ ಸೋಂಕುವುದು, ತಾಯಿತ ಕಟ್ಟಿಸುವುದು. 2020ರ ನಂತರ ಆ ಭಯವಿಲ್ಲ, ದಿನ ಬೆಳಗಾದರೆ ಟಿವಿಯಲ್ಲಿ ಸೋಂಕಿತರ ಲೆಕ್ಕ ಕೇಳಿ ಕೇಳಿ ಪದ ಪಳಗಿದೆ. ಆದರೂ ಅದರ ಪಕ್ಕದಲ್ಲೇ ಕೆಂಪು, ಬಿಸಿ, ಊತ, ನೋವು, ಕೀವು, ವಾಸನೆ ಅಂತ ಬಿಡಿಸಿ ಬರೆದಿದ್ದೇನೆ. ಪದ ಕೈಕೊಟ್ಟರೆ ಕಣ್ಣು ಮೂಗಾದರೂ ಕೈಹಿಡಿಯಲಿ ಅಂತ.

‘ನೆತ್ತಿಗೆ ಹತ್ತು’ ಅನ್ನುವುದರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಉಣ್ಣುವಾಗ ಅಗುಳು ದಾರಿ ತಪ್ಪಿ ಕೆಮ್ಮು ಬಂದರೆ ನಾವೆಲ್ಲ ಹೇಳುವುದು ಹಾಗೇ. ಯಾರೋ ನೆನೆಸಿಕೊಂಡರು ಅಂತಲೂ ಸೇರಿಸುತ್ತೇವೆ. ಆದರೆ ಅದು ಹೋಗುವುದು ಮೇಲಕ್ಕಲ್ಲ, ಶ್ವಾಸನಾಳಕ್ಕೆ. ನೆತ್ತಿಗೆ ಹತ್ತಿತು ಅನ್ನುವ ಭಾಷೆಯವರು ನೆತ್ತಿ ತಟ್ಟುತ್ತಾರೆ, ಕೂಡಲೇ ನೀರು ಕುಡಿಸುತ್ತಾರೆ. ಗಟ್ಟಿಮುಟ್ಟಾದವರಿಗೆ ನಡೆಯುತ್ತದೆ. ಲಕ್ವ ಹೊಡೆದವರಿಗೆ ಆ ನೀರೂ ಅದೇ ತಪ್ಪು ದಾರಿ ಹಿಡಿಯುತ್ತದೆ. ಕೆಲವರಿಗೆ ಕೆಮ್ಮು ಕೂಡ ಬರುವುದಿಲ್ಲ, ಸದ್ದಿಲ್ಲದೆ ಒಳಗಿಳಿದು ಎರಡು ದಿನ ಬಿಟ್ಟು ಜ್ವರ, ನ್ಯುಮೋನಿಯಾ. ಉಂಡ ಮೇಲೆ ದನಿ ಒದ್ದೆಯಾದಂತೆ ಗೊರಗೊರ ಅಂದರೆ ಎಚ್ಚರಾಗಬೇಕು. ನೆಟ್ಟಗೆ ಕೂರಿಸಿ, ಗಲ್ಲ ಎದೆಯ ಕಡೆ ಬಗ್ಗಿಸಿ, ಚಿಕ್ಕ ಚಮಚದಲ್ಲಿ ಉಣಿಸಿ, ಉಂಡಾದ ಮೇಲೂ ಅರ್ಧ ತಾಸು ಮಲಗಿಸದಿರುವುದು. ಪದವನ್ನು ಬಿಡಲು ಮನಸ್ಸಿಲ್ಲ, ಮನೆಯವರು ಬೇರೆ ಯಾವುದನ್ನೂ ಹೇಳುವುದಿಲ್ಲ. ‘ನೆತ್ತಿಗೆ ಹತ್ತಿತು ಅಂದರೆ ಉಸಿರಿನ ದಾರಿಗೆ ಇಳಿಯಿತು ಅಂತ ತಿಳಿ’ ಎಂದು ಬರೆದಿದ್ದೇನೆ. ಹತ್ತಿತು, ಇಳಿಯಿತು ಎರಡೂ ಒಂದೇ ವಾಕ್ಯದಲ್ಲಿ ಜಗಳಾಡುತ್ತಿವೆ ಅನ್ನಿಸುತ್ತದೆ.

ಇನ್ನು ನಮ್ಮ ಜಿಲ್ಲೆಯ ವಿಶೇಷ. ಒಂದೇ ಜಿಲ್ಲೆ, ನಾಲ್ಕು ಹಳ್ಳ ದಾಟಿದರೆ ಮಾತು ಬೇರೆ. ಮುಂಡಗೋಡ ಕಡೆಯ ಹುಡುಗಿಯನ್ನು ಸಿದ್ದಾಪುರದ ಒಂದು ಹವ್ಯಕರ ಮನೆಗೆ ಕಳಿಸಿದ್ದೆವು. ಅಜ್ಜ ಮಧ್ಯಾಹ್ನ, “ಕೂಸೇ, ಆಸರಾಗ್ತು” ಅಂದಿದ್ದಾರೆ. ಅವಳು ದಿಂಬು ಸರಿಮಾಡಿ ಹೊದೆಸಿದ್ದಾಳೆ. ಮತ್ತೆ ಅಂದಿದ್ದಾರೆ. ಕಿಟಕಿ ಮುಚ್ಚಿ ಬೆಳಕು ಕಡಿಮೆ ಮಾಡಿದ್ದಾಳೆ. ವಹಿಯಲ್ಲಿ ಅವಳದೇ ದುಂಡಗಿನ ಅಕ್ಷರ: ‘3 ಗಂಟೆ. ರೋಗಿ ದಣಿದಿದ್ದಾರೆ. ಮಲಗಿಸಿದೆ.’ ಆಸರು ಅಂದರೆ ಆಯಾಸ ಅಂತಲೇ ಅವಳು ಬಲ್ಲದ್ದು, ನಿಘಂಟು ತೆಗೆದರೂ ಅದೇ. ಹವ್ಯಕರ ಮನೆಯಲ್ಲಿ ಅದು ಬಾಯಾರಿಕೆ. ನೆಂಟರು ಬಂದರೆ ‘ಆಸ್ರಿಗೆ ಎಂತ ಬೇಕು’ ಅಂತ ಕೇಳುವುದು ಅದಕ್ಕೇ. ಪಾಪ, ಅಜ್ಜನಿಗೆ ನೀರು ಸಿಕ್ಕಿದ್ದು ಸಂಜೆ ಮಗ ತೋಟದಿಂದ ಬಂದ ಮೇಲೆ.

ಕಾರವಾರದ ಕೊಂಕಣಿ ಮನೆಗಳಲ್ಲಿ ಇನ್ನೊಂದು ಬಗೆ. ಅಜ್ಜಿ “ದೂಕ್ತಾ, ದೂಕ್ತಾ” ಅಂದರೆ ಕನ್ನಡದ ಕಿವಿಗೆ ದುಃಖ ಅಂತ ಕೇಳಿ, ಪಕ್ಕದಲ್ಲಿ ಕೂತು ಸಮಾಧಾನ ಮಾಡಿದವರಿದ್ದಾರೆ. ಅಜ್ಜಿ ಹೇಳುತ್ತಿದ್ದದ್ದು ನೋಯುತ್ತಿದೆ ಅಂತ. ತಾನ್ ಅಂದರೆ ಬಾಯಾರಿಕೆ, ಉದಾಕ್ ಅಂದರೆ ನೀರು. ಇಷ್ಟನ್ನಾದರೂ ಮೊದಲ ಪುಟದಲ್ಲೇ ಹಾಕಬೇಕು ಅಂತಿದ್ದೇನೆ. ಒಂದಕ್ಕೆ, ಎರಡಕ್ಕೆ ಎಲ್ಲ ಕಡೆಗೂ ನಡೆಯುತ್ತದೆ. ಬಿಪಿ, ಶುಗರ್, ಸಲೈನ್, ಕೆಥೆಟರ್‌ಗಳನ್ನು ಕನ್ನಡಿಸುವ ಹಟ ನನಗಿಲ್ಲ, ಆದರೆ ‘ಬಿಪಿ ಇದೆ’ ಅಂದರೆ ಹೆಚ್ಚಿದೆ ಅಂತಲೇ ಅರ್ಥ ಅನ್ನುವುದನ್ನು ಬರೆದಿದ್ದೇನೆ. ‘ಉಷ್ಣ ಆಗಿದೆ’ ಅನ್ನುವುದನ್ನು ಮಾತ್ರ ಯಾವಾಗಲೂ ಮರುಪ್ರಶ್ನೆ ಕೇಳಿಯೇ ಬರೆದುಕೊಳ್ಳಬೇಕು. ಬಾಯಿಹುಣ್ಣೂ ಉಷ್ಣವೇ, ಕಣ್ಣುರಿಯೂ ಉಷ್ಣವೇ, ಉರಿಮೂತ್ರವೂ ಉಷ್ಣವೇ. ಮೂತ್ರಕ್ಕೆ ಕೆಥೆಟರ್ ನಳಿಕೆ ಹಾಕಿಕೊಂಡವರು ಹಾಗಂದರೆ ಎಳನೀರು ಕೊಟ್ಟು ಸುಮ್ಮನಾಗುವಂತಿಲ್ಲ.

ಹೀಗಾಗಿ ಪದಕೋಶವನ್ನು ‘ಮನೆಯವರು ಹೇಳುವುದು’, ‘ವಹಿಯಲ್ಲಿ ಬರೆಯುವುದು’ ಅಂತ ಎರಡು ಸಾಲು ಮಾಡುತ್ತಿದ್ದೇನೆ. ಮೊದಲಿನ ಕರಡಿನಲ್ಲಿ ಎರಡನೆಯ ಸಾಲು ಮಾತ್ರ ಇತ್ತು.

ಈ ಕೆಲಸದವರನ್ನು ಕರೆಯುವ ಹೆಸರಿನ ಬಗ್ಗೆಯೂ ಕರಡಿನಲ್ಲಿ ಒಂದು ಪುಟದ ಚರ್ಚೆಯಿದೆ. ಆಯಾ ಪೋರ್ಚುಗೀಸ್ ಮೂಲದ್ದು, ಗೋವೆಯ ನೆರೆಯವರಾದ ನಮಗೆ ಹೊಸದಲ್ಲ, ಆದರೆ ಹುಡುಗಿಯರಿಗೆ ಇಷ್ಟವಿಲ್ಲ. ಆರೈಕೆ ಅನ್ನುವುದು ಹಳಗನ್ನಡದ ಆರಯ್‌ನಿಂದ ಬಂದದ್ದು, ನೋಡು, ವಿಚಾರಿಸು ಎಂಬರ್ಥ. ಶುಶ್ರೂಷೆಯ ಮೂಲ ಕೇಳುವುದು. ಪಿಪಾಸೆ ಅಂದರೆ ಕುಡಿಯುವ ಆಸೆಯಾದ ಹಾಗೆ, ಶುಶ್ರೂಷೆ ಅಂದರೆ ಕೇಳುವ ಆಸೆ. ಇದನ್ನು ಹೇಳಿದಾಗ ಮುಂಡಗೋಡದವಳು ತಲೆ ತಗ್ಗಿಸಿ ನಕ್ಕಳು. ಆರೈಕೆಗಾರ್ತಿ ಅಂತ ಮುಖಪುಟಕ್ಕೆ ಹಾಕಿದ್ದೇನೆ, ಮನೆಯವರು ಹೇಗೂ ಸಿಸ್ಟರ್ ಅಂತಲೇ ಕರೆಯುತ್ತಾರೆ.

ಕೊನೆಯದಾಗಿ ಒಂದು ಪದ ಬೇಕಾಗಿದೆ. ಲಕ್ವ ಹೊಡೆದವರಿಗೆ ಅಂಗಿ ತೊಡಿಸುವಾಗ ಬಲವಿಲ್ಲದ ಕೈ ಮೊದಲು, ಕಳಚುವಾಗ ಅದು ಕೊನೆಗೆ. ಕಂಠಪಾಠ ಆಗಬೇಕಾದ ನಿಯಮ, ಅದಕ್ಕೆ ಪದ ಚಿಕ್ಕದಿರಬೇಕು. ‘ಬಾಧಿತ ಪಾರ್ಶ್ವ’ ಅಂತ ಕರಡಿನಲ್ಲಿದೆ, ತೆಗೆದೆ. ಜನ ಹೇಳುವುದು ‘ಸೋತ ಕೈ’, ‘ಬಿದ್ದ ಕೈ’, ‘ಸ್ವಾಧೀನ ಇಲ್ಲದ ಕೈ’. ‘ಸೋತ ಕೈ ಮೊದಲು’ ಅಂತ ಬರೆದಿದ್ದೆ, ನಾಲಿಗೆಗೂ ಸುಲಭ. ಹೊನ್ನಾವರದ ಕಡೆಯ ಒಬ್ಬರು, ಒಂದು ಕಾಲಕ್ಕೆ ಯಕ್ಷಗಾನದಲ್ಲಿ ವೇಷ ಕಟ್ಟುತ್ತಿದ್ದವರು, ಹುಡುಗಿ ಆ ನಿಯಮವನ್ನು ಅವರೆದುರೇ ಗಟ್ಟಿಯಾಗಿ ಹೇಳಿಕೊಂಡು ತೋಳು ಏರಿಸುವಾಗ, “ಸೋತಿದ್ದು ಅಂತ ಯಾರು ಹೇಳಿದ್ದು ನಿಂಗೆ?” ಅಂದರಂತೆ. ಆವತ್ತಿನಿಂದ ಅವಳು ಆ ಮನೆಯಲ್ಲಿ ‘ಈ ಕೈ ಮೊದಲು’ ಅನ್ನುತ್ತಾಳೆ. ಅಚ್ಚಿನಲ್ಲಿ ‘ಈ ಕೈ’ ಅಂತ ಬರೆಯಲಾಗುವುದಿಲ್ಲ. ನಿಮ್ಮ ಊರಿನಲ್ಲಿ ಏನನ್ನುತ್ತಾರೆ? ರೋಗಿಯ ಎದುರಿಗೇ ಹೇಳಬಹುದಾದ ಪದ ಬೇಕು.