ಬೆಳ್ಳಿ ಕೊಲಾಯ್ಡ್: ಕರೆಂಟ್ ಕೊಟ್ಟಾಗ ಪಿಎಚ್ ಏರುತ್ತದೆ, ಮರುದಿನ ಇಳಿಯುತ್ತದೆ. ಮೀಟರ್ ಕೆಟ್ಟಿದೆಯಾ?

ತಂತಿಪ್ರಿಯ:
ಬೆಳ್ಳಿ ಕೊಲಾಯ್ಡ್, ಅಂದರೆ ಬೆಳ್ಳಿಯ ಅತಿ ಸಣ್ಣ ಕಣ ತೇಲುವ ನೀರು, ಮಾಡುತ್ತಿದ್ದೇನೆ. ಶುದ್ಧ ಬೆಳ್ಳಿಯ ಎರಡು ತಂತಿ, ಒಂದು ಲೀಟರ್ ಡಿಸ್ಟಿಲ್ಡ್ ವಾಟರ್, 1 ಮಿಲಿಆಂಪಿಯರ್ ಕರೆಂಟ್. ಶುರುವಿನಲ್ಲಿ ಪಿಎಚ್ 5.7. ಎರಡೂವರೆ ಗಂಟೆ ಆದಮೇಲೆ 9.6. ಮುಚ್ಚದೆ ಇಟ್ಟಿದ್ದೆ, ಮರುದಿನ ನೋಡಿದರೆ 7.3! ಪಿಎಚ್ ಪೇಪರ್ ಮಾತ್ರ ಯಾವಾಗ ಅದ್ದಿದರೂ 6 ಅನ್ನುತ್ತದೆ. ಬೆಳ್ಳಿ ಆಸಿಡ್ಡೂ ಅಲ್ಲ, ಕ್ಷಾರವೂ ಅಲ್ಲ. ಮತ್ತೆ ಈ ಏರಿಳಿತ ಯಾಕೆ?

ಬೀಕರ್‌ಬಳಗ:
ಮೀಟರ್ ಸರಿಯಾಗಿಯೇ ಇದೆ ಅನಿಸುತ್ತದೆ. ಪ್ಲಸ್ ತಂತಿಯಲ್ಲಿ ಬೆಳ್ಳಿ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಅಯಾನ್ (ವಿದ್ಯುದಾವೇಶ ಇರುವ ಕಣ) ಆಗಿ ನೀರಿಗಿಳಿಯುತ್ತದೆ. ಮೈನಸ್ ತಂತಿಯಲ್ಲಿ ಒಡೆಯುವುದು ನೀರು. ಹೈಡ್ರೋಜನ್ ಗುಳ್ಳೆಯಾಗಿ ಹೊರಟುಹೋಗುತ್ತದೆ, ಕ್ಷಾರ ಗುಣ ಕೊಡುವ ಹೈಡ್ರಾಕ್ಸೈಡ್ ಉಳಿಯುತ್ತದೆ. ಪ್ಲಾಟಿನಂ ತಂತಿ ಆಗಿದ್ದರೆ ಪ್ಲಸ್ ಕಡೆ ಅಷ್ಟೇ ಆಸಿಡ್ ಹುಟ್ಟಿ ಲೆಕ್ಕ ಚುಕ್ತಾ ಆಗುತ್ತಿತ್ತು. ನಿಮ್ಮಲ್ಲಿ ಆ ಆಸಿಡ್ ಹುಟ್ಟುವುದೇ ಇಲ್ಲ. ಅದಕ್ಕೇ ನೀರು ಕ್ಷಾರವಾಗುತ್ತದೆ.

ಅಂಕಿ ಹಾಕಿ ನೋಡಿ. 1 ಮಿಲಿಆಂಪಿಯರ್ ಒಂದು ಗಂಟೆ ಹರಿದರೆ ಸುಮಾರು 4 ಮಿಲಿಗ್ರಾಂ ಬೆಳ್ಳಿ ಕರಗುತ್ತದೆ. ನಿಮ್ಮದು 10 ಮಿಲಿಗ್ರಾಂ, ಅಂದರೆ 10 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 10 ಪಾಲು). ಅದಕ್ಕೆ ಸಮನಾದ ಹೈಡ್ರಾಕ್ಸೈಡ್ ಪಿಎಚ್ ಅನ್ನು 10ರ ಹತ್ತಿರ ತರಬೇಕು. ನೀರಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಸ್ವಲ್ಪ ನುಂಗಿದೆ. ಒಂದಿಷ್ಟು ಬೆಳ್ಳಿ ಮೈನಸ್ ತಂತಿಗೇ ವಾಪಸ್ ಅಂಟಿರುತ್ತದೆ. ಹಾಗಾಗಿ 9.6.

ರಾತ್ರಿಯಿಡೀ ನಡೆದದ್ದೂ ಇದೇ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗುತ್ತಾ ಹೈಡ್ರಾಕ್ಸೈಡ್ ಎಲ್ಲ ಕ್ಷಾರ ಗುಣ ಕಡಿಮೆ ಇರುವ ಬೈಕಾರ್ಬನೇಟ್ ಆಯಿತು. ಗಾಳಿಯ ಜತೆ ಪೂರ್ತಿ ಹೊಂದಿಕೊಂಡ ಮೇಲೆ ಇಂಥ ನೀರು 7.2ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೆಳ್ಳಿ ಎಲ್ಲಿಗೂ ಹೋಗಿಲ್ಲ. ಡಿಸ್ಟಿಲ್ಡ್ ವಾಟರ್ ಶುರುವಿನಲ್ಲೇ 5.7 ತೋರಿಸಿದ್ದಕ್ಕೂ ಇದೇ ಅನಿಲ ಕಾರಣ.

ಪೇಪರ್ ಬಿಟ್ಟುಬಿಡಿ. ಇಷ್ಟು ತೆಳು ನೀರಲ್ಲಿ ಪೇಪರಿನ ಬಣ್ಣವೇ ಪಿಎಚ್ ಬದಲಿಸುವಷ್ಟು ಬಲ ಹೊಂದಿರುತ್ತದೆ.

ಮಿಣುಕು:
ಚಿಟಿಕೆ ಉಪ್ಪು ಹಾಕಿ, ಬೇಗ ಆಗುತ್ತದೆ. ನಾನು ಹಾಗೇ ಮಾಡೋದು.

ಬೀಕರ್‌ಬಳಗ:
ಬೇಡ. ಬೆಳ್ಳಿ ಕ್ಲೋರೈಡ್ ಆಗಿ ಹಾಲಿನಂತೆ ಮಬ್ಬಾಗುತ್ತದೆ, ಬೆಳಕಿಗೆ ಕಪ್ಪಾಗುತ್ತದೆ. ಬೆಳ್ಳಿ ಹಾಗೆ ಗಟ್ಟಿಯಾಗಿ ಹೊರಬಿದ್ದ ಮೇಲೆ ಸೋಡಿಯಂ ಜತೆ ಹೈಡ್ರಾಕ್ಸೈಡ್ ನೀರಲ್ಲೇ ಉಳಿಯುತ್ತದೆ, ಪಿಎಚ್ 10 ದಾಟಿದರೂ ಆಶ್ಚರ್ಯವಿಲ್ಲ. ಬರೀ ನೀರಿನಲ್ಲಿ ಆ ಭಯ ಕಡಿಮೆ. ಲೀಟರಿಗೆ 13 ಮಿಲಿಗ್ರಾಂ ದಾಟುವ ಹೊತ್ತಿಗೆ ಬೆಳ್ಳಿಯು ಹೈಡ್ರಾಕ್ಸೈಡನ್ನೂ ಸೇರಿಸಿಕೊಂಡು ಬೆಳ್ಳಿ ಆಕ್ಸೈಡ್ ಆಗಿ, ಕಂದು ಮಬ್ಬಾಗಿ ಹೊರಬೀಳತೊಡಗುತ್ತದೆ.

ಇನ್ನೊಂದು ಮಾತು. ಮೀಟರಿನ ಪ್ರೋಬ್ ಅನ್ನು ಪಾತ್ರೆಯೊಳಗೇ ಬಿಡಬೇಡಿ. ಅದರಿಂದ ಪೊಟ್ಯಾಸಿಯಂ ಕ್ಲೋರೈಡ್ ಸ್ವಲ್ಪ ಸ್ವಲ್ಪ ಸೋರುತ್ತಿರುತ್ತದೆ. ಬೆಳ್ಳಿ ಸಿಕ್ಕರೆ ಅಲ್ಲೇ ಗಟ್ಟಿಯಾಗಿ ಪ್ರೋಬಿನ ಸಣ್ಣ ರಂಧ್ರ ಕಟ್ಟಿಕೊಳ್ಳುತ್ತದೆ. ಚಿಕ್ಕ ಲೋಟಕ್ಕೆ ಸ್ವಲ್ಪ ತೆಗೆದು ಅಳೆಯಿರಿ, ಆಮೇಲೆ ಚೆಲ್ಲಿ. ಅಂಕಿ ನಿಲ್ಲದೆ ಓಡುತ್ತಿದ್ದರೆ ಆ ಲೋಟಕ್ಕೆ ಮಾತ್ರ ಚೂರು ಪೊಟ್ಯಾಸಿಯಂ ನೈಟ್ರೇಟ್ ಹಾಕಿ.

ನಿಧಾನಿ:
ಕುಡಿಯೋಕೆ ಮಾಡ್ತಿಲ್ಲ ಅಲ್ವಾ? ಪಿಎಚ್ 7 ಬಂದಿತು ಅಂದ್ರೆ ಕುಡಿಯಬಹುದು ಅಂತ ಅರ್ಥ ಅಲ್ಲ. ಬೆಳ್ಳಿ ಮೈಯಲ್ಲಿ ಸೇರುತ್ತಾ ಹೋದರೆ ಚರ್ಮ ನೀಲಿ ಬೂದು ಬಣ್ಣಕ್ಕೆ ತಿರುಗುತ್ತದೆ, ಮತ್ತೆ ವಾಪಸ್ ಬರಲ್ಲ.

ತಂತಿಪ್ರಿಯ:
ಇಲ್ಲ ಇಲ್ಲ, ಸುಮ್ನೆ ಪ್ರಯೋಗಕ್ಕೆ. ಲೇಸರ್ ಬಿಟ್ಟು ಬೆಳಕಿನ ಗೆರೆ ನೋಡುವ ಆಸೆ. ಆದರೆ ಇನ್ನೊಂದು ಬ್ಯಾಚ್‌ನಲ್ಲಿ ಕರೆಂಟ್ ಜಾಸ್ತಿ ಕೊಟ್ಟೆ. ಪಿಎಚ್ 8 ಕೂಡ ದಾಟಲಿಲ್ಲ. ಪ್ಲಸ್ ತಂತಿ ಪೂರ್ತಿ ಕಪ್ಪು.

ಬೀಕರ್‌ಬಳಗ:
ಆ ಕಪ್ಪೇ ಸುಳಿವು. ತಂತಿಗೆ ಆಕ್ಸೈಡ್ ಕಟ್ಟಿಕೊಂಡರೆ ಬೆಳ್ಳಿ ಕರಗುವುದು ಕಷ್ಟವಾಗುತ್ತದೆ. ಕರೆಂಟಿನ ಒಂದು ಪಾಲು ನೀರನ್ನೇ ಒಡೆದು ಆಮ್ಲಜನಕ ಬಿಡಿಸುತ್ತದೆ. ಆಗ ಪ್ಲಸ್ ಕಡೆಯೂ ಆಸಿಡ್ ಹುಟ್ಟಿ ಮೈನಸ್ ಕಡೆಯ ಕ್ಷಾರವನ್ನು ಕೊಲ್ಲುತ್ತದೆ. ಅಂದರೆ ಆ ಬ್ಯಾಚ್‌ನಲ್ಲಿ ಬೆಳ್ಳಿಯೂ ಲೆಕ್ಕಕ್ಕಿಂತ ಕಡಿಮೆ. ತಂತಿ ಒರೆಸಿ, ಕರೆಂಟ್ ಇಳಿಸಿ, ಆಗಾಗ ಪ್ಲಸ್ ಮೈನಸ್ ಅದಲು ಬದಲು ಮಾಡಿ.

ತಂತಿಪ್ರಿಯ:
ಮಾಡಿದೆ. ಈ ಸಲ 9.7. ಬಾಟಲಿ ಮೇಲೆ ಯಾವ ಪಿಎಚ್ ಬರೆಯಲಿ? ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ವಸ್ತು) ಮೀಟರಿನ ಪಿಪಿಎಂ ಬರೆದರೆ ಸಾಕಾ?

ಬೀಕರ್‌ಬಳಗ:
ಮುಗಿದ ಕೂಡಲೇ ಅಳೆದ ಪಿಎಚ್ ಬರೆಯಿರಿ, ಪಕ್ಕದಲ್ಲಿ ಕರೆಂಟ್ ಮತ್ತು ಸಮಯ. ಟಿಡಿಎಸ್ ಮೀಟರ್ ಅಳೆಯುವುದು ನೀರಿನ ವಾಹಕತೆಯನ್ನು, ಬೆಳ್ಳಿಯನ್ನಲ್ಲ. ಹೈಡ್ರಾಕ್ಸೈಡ್ ಕರೆಂಟನ್ನು ಬಹಳ ಚೆನ್ನಾಗಿ ಸಾಗಿಸುತ್ತದೆ, ಬೈಕಾರ್ಬನೇಟ್ ಅಷ್ಟಿಲ್ಲ. ಮುಚ್ಚಳ ತೆರೆದಿಟ್ಟರೆ ಮರುದಿನ ಬೆಳ್ಳಿ ಅಷ್ಟೇ ಇದ್ದರೂ ಅಂಕಿ ಅರ್ಧಕ್ಕೆ ಇಳಿಯಬಹುದು.