ಕಡಲು ತಣ್ಣಗಿರುವ ವಾರದಲ್ಲಿ ಅಲೆಯ ಮುನ್ಸೂಚನೆ ಓದುವುದು ಹೇಗೆ? ಅನುಭವ ಹಂಚಿಕೊಳ್ಳಿ

ಪ್ರಶ್ನೆ

ಮುಂದಿನ ವಾರ ಸರ್ಫಿಂಗ್‌ಗೆಂದು ಹೊರಡುವ ಆಸೆಯಿದೆ. ಆದರೆ ಬಹಳ ದಿನಗಳಿಂದ ಕಡಲು ದೊಡ್ಡ ಅಲೆಯೇ ಇಲ್ಲದೆ ತಣ್ಣಗಿದೆ. ಮುನ್ಸೂಚನೆಯ ಪಟ್ಟಿ ತೆರೆದರೆ ಪ್ರತಿದಿನವೂ ಅರ್ಧ ಮೀಟರ್ ಆಸುಪಾಸಿನ ಅಲೆ, ಹಗುರ ಗಾಳಿ, ತಿಳಿ ಆಕಾಶ. ನಾನು ಹೋಗುವುದು ನೇರವಾದ ಮರಳು ತೀರಕ್ಕೆ; ಅದರ ಒಂದು ತುದಿಯಲ್ಲಿ ಬಂಡೆಗಳು ಕಡಲಿನೊಳಕ್ಕೆ ಚಾಚಿವೆ. ಬೋರ್ಡ್ ಮೇಲೆ ಎದ್ದು ನಿಲ್ಲಬಲ್ಲೆ, ಆದರೆ ಇನ್ನೂ ಪಳಗಿಲ್ಲ. ಇಂತಹ ಸಪ್ಪೆ ಪಟ್ಟಿಯಲ್ಲಿ ಹೋಗುವುದೋ ಬಿಡುವುದೋ ಎಂದು ನೀವು ಹೇಗೆ ತೀರ್ಮಾನಿಸುತ್ತೀರಿ? ಯಾವ ದಿನ, ಯಾವ ಹೊತ್ತು ಎಂಬುದನ್ನು ಯಾವುದರ ಮೇಲೆ ನಿರ್ಧರಿಸುತ್ತೀರಿ?

ಹವಾಮಾನ ನಕ್ಷೆ ನೋಡುವ ಅಭ್ಯಾಸದವರು

ಎತ್ತರದ ಅಂಕಣವನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಅದರ ಪಕ್ಕದಲ್ಲಿ ಸೆಕೆಂಡುಗಳಲ್ಲಿ ಬರೆದಿರುವ ಅಂಕಿ ಇದೆಯಲ್ಲ, ಅದು ಅಲೆಯ ಅವಧಿ. ಒಂದು ಅಲೆಯ ತುದಿ ದಾಟಿ ಮುಂದಿನ ಅಲೆಯ ತುದಿ ಬರುವವರೆಗಿನ ಸಮಯ. ಕಡಲು ತಣ್ಣಗಿರುವ ವಾರದಲ್ಲಿ ನಿಜವಾದ ಸುದ್ದಿ ಇರುವುದು ಅಲ್ಲಿ.

0.6 ಮೀಟರ್ ಎತ್ತರದ ಎರಡು ಅಲೆಗಳನ್ನು ತೆಗೆದುಕೊಳ್ಳಿ. ಒಂದರ ಅವಧಿ 7 ಸೆಕೆಂಡು, ಇನ್ನೊಂದರದು 14. ಪಟ್ಟಿಯಲ್ಲಿ ಎರಡೂ ಒಂದೇ ಬಣ್ಣದಲ್ಲಿ ಕಾಣುತ್ತವೆ. ಆದರೆ ಆಳ ನೀರಿನಲ್ಲಿ ಎರಡನೆಯದು ಹೊತ್ತು ತರುವ ಶಕ್ತಿ ಮೊದಲಿನದರ ಎರಡು ಪಟ್ಟು. ಅದು ನೀರಿನಲ್ಲಿ ಬಹಳ ಆಳದವರೆಗೂ ಚಾಚಿಕೊಂಡಿರುವುದರಿಂದ ತೀರ ಸಮೀಪಿಸುವಾಗ ತಳ ತಾಗಿ ನಿಧಾನಗೊಂಡು ಮೇಲೇಳುತ್ತದೆ. 7 ಸೆಕೆಂಡಿನ ಅಲೆ ಒಡೆಯುವ ಹೊತ್ತಿಗೆ ಸುಮಾರು 0.9 ಮೀಟರ್ ಆದರೆ, 14 ಸೆಕೆಂಡಿನದು 1.2 ಮೀಟರ್ ತನಕ ಏರಬಲ್ಲದು. ಮೊದಲನೆಯದರಲ್ಲಿ ಬೋರ್ಡನ್ನು ತಳ್ಳುವ ಕಸುವೇ ಇರುವುದಿಲ್ಲ. ಎರಡನೆಯದು ತಾನಾಗಿ ಎತ್ತಿ ಮುಂದಕ್ಕೆ ಒಯ್ಯುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಪಟ್ಟಿಯ ಮೇಲ್ಗಡೆ ಕಾಣುವುದು ಒಟ್ಟು ಎತ್ತರ. ಎಲ್ಲ ದಿಕ್ಕಿನ, ಎಲ್ಲ ಅವಧಿಯ ಅಲೆಗಳ ಕೂಡಿಕೆ. ಅದೂ ನೇರ ಕೂಡಿಕೆಯಲ್ಲ, ವರ್ಗಗಳ ಮೊತ್ತದ ವರ್ಗಮೂಲ. ಹತ್ತಿರದ ಗಾಳಿ ಎಬ್ಬಿಸಿದ 6 ಸೆಕೆಂಡಿನ 0.6 ಮೀಟರ್ ಗಾಳಿಯಲೆಯ ಕೆಳಗೆ, ದೂರದ ಬಿರುಗಾಳಿಯಿಂದ ಸಾಗಿಬಂದ 16 ಸೆಕೆಂಡಿನ 0.3 ಮೀಟರ್ ಉಬ್ಬಲೆ ಬಂದು ಸೇರಿದರೆ ಒಟ್ಟು ಅಂಕಿ 0.6ರಿಂದ 0.67ಕ್ಕೆ ಏರುತ್ತದೆ, ಅಷ್ಟೆ. ಯಾರ ಕಣ್ಣಿಗೂ ಬೀಳದು. ಹಾಗಾಗಿ ಮೊದಲನೆಯ, ಎರಡನೆಯ, ಮೂರನೆಯ ಉಬ್ಬಲೆ ಎಂದು ಬಿಡಿಸಿ ತೋರಿಸುವ ಪುಟವನ್ನು ತೆರೆಯಿರಿ. ಎಲ್ಲೋ ಮೂಲೆಯಲ್ಲಿ ಸಣ್ಣ ಎತ್ತರದ ಪಕ್ಕ 15, 16, 17 ಎಂಬ ಅವಧಿ ಹೊಸದಾಗಿ ಕಾಣಿಸಿಕೊಂಡರೆ, ಕಡಲು ತಣ್ಣಗಿರುವ ದಿನಗಳು ಮುಗಿಯುತ್ತಾ ಬಂದಿವೆ ಎಂದೇ ಲೆಕ್ಕ.

ಈ ಉದ್ದ ಅವಧಿಯ ಅಲೆಗಳೇ ಮೊದಲು ಬರುವುದಕ್ಕೆ ಕಾರಣವಿದೆ. ಆಳ ಸಮುದ್ರದಲ್ಲಿ ಅಲೆಗಳ ಗುಂಪಿನ ವೇಗ ಅವಧಿಯನ್ನು ಅವಲಂಬಿಸಿದೆ. ಸೆಕೆಂಡುಗಳನ್ನು 2.8ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ. 18 ಸೆಕೆಂಡಿನ ಗುಂಪು ಗಂಟೆಗೆ 50 ಕಿ.ಮೀ. ಸಾಗಿದರೆ 12 ಸೆಕೆಂಡಿನದು 34 ಕಿ.ಮೀ. ಸಾಗುತ್ತದೆ. ಒಂದೇ ಬಿರುಗಾಳಿಯಿಂದ ಒಟ್ಟಿಗೆ ಹೊರಟವು ದಾರಿಯಲ್ಲಿ ಬೇರ್ಪಡುತ್ತವೆ. ಬಿರುಗಾಳಿ ಎಷ್ಟು ದೂರವೋ ಅಂತರ ಅಷ್ಟು ಹೆಚ್ಚು. ಈ ಲೆಕ್ಕದಿಂದಲೇ ಸಮುದ್ರ ವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಸಂಗಡಿಗರು 1963ರಲ್ಲಿ ನ್ಯೂಜಿಲೆಂಡ್‌ನಿಂದ ಅಲಾಸ್ಕಾದವರೆಗೆ ಸಾಲಾಗಿ ಮಾಪಕಗಳನ್ನಿಟ್ಟು, ದಕ್ಷಿಣ ಗೋಳಾರ್ಧದ ಬಿರುಗಾಳಿಗಳ ಅಲೆಗಳು ಇಡೀ ಶಾಂತ ಸಾಗರವನ್ನು ದಾಟಿ ಅಲಾಸ್ಕಾ ಮುಟ್ಟುವುದನ್ನು ದಾಖಲಿಸಿದರು. ನಮ್ಮ ತಲೆಯ ಮೇಲಿನ ಆಕಾಶ ತಿಳಿಯಾಗಿದ್ದ ಮಾತ್ರಕ್ಕೆ ಕಡಲಿಗೆ ಕೆಲಸವಿಲ್ಲ ಎಂದು ತಿಳಿಯಬಾರದು ಎನ್ನುವುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ನನಗೆ ಗೊತ್ತಿಲ್ಲ.

ಮುಂಜಾನೆಯಲ್ಲೇ ನೀರಿಗಿಳಿಯುವ ಲಾಂಗ್‌ಬೋರ್ಡ್ ಸವಾರರು

ಮೇಲಿನದನ್ನು ಒಪ್ಪುತ್ತೇನೆ. ಆದರೆ ಅಲೆ ಚಿಕ್ಕದಿರುವಾಗ ಅವಧಿಗಿಂತ ಮೊದಲು ನಾನು ನೋಡುವುದು ಗಾಳಿ. ಎರಡು ಮೀಟರಿನ ಅಲೆ ಸ್ವಲ್ಪ ಗಾಳಿಯನ್ನು ತಡೆದುಕೊಳ್ಳುತ್ತದೆ. ಅರ್ಧ ಮೀಟರಿನದು ತಡೆಯುವುದಿಲ್ಲ, ಕದಡಿಹೋಗುತ್ತದೆ.

ತಿಳಿ ಆಕಾಶ, ಹಗುರ ಗಾಳಿ ಎಂದು ಬರೆದಿದ್ದೀರಿ. ಕಡಲಗಾಳಿ ಕರಾರುವಾಕ್ಕಾಗಿ ಬೀಸುವುದು ಇಂಥ ದಿನಗಳಲ್ಲೇ. ಬೆಳಗಿನ ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ಕಾಯುವುದಿಲ್ಲ. ನೆಲದ ಮೇಲಿನ ಗಾಳಿ ಮೇಲೇರಿದ ಜಾಗಕ್ಕೆ ಕಡಲ ಕಡೆಯ ತಂಪುಗಾಳಿ ನುಗ್ಗುತ್ತದೆ. ಅದನ್ನು ತಡೆಯುವ ಬೇರೆ ದೊಡ್ಡ ಗಾಳಿ ಇಲ್ಲದ್ದರಿಂದ ಮಧ್ಯಾಹ್ನದ ಹೊತ್ತಿಗೆ ಅದು ಪೂರ್ತಿ ಬಲ ಪಡೆದಿರುತ್ತದೆ. ಮುನ್ಸೂಚನೆ ಲೆಕ್ಕ ಹಾಕುವ ಜಾಗತಿಕ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಸುಮಾರು ಹತ್ತು ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸಿಕೊಂಡು ಲೆಕ್ಕ ಹಾಕುತ್ತವೆ. ನೆಲ ಮತ್ತು ನೀರಿನ ನಡುವಿನ ಗೆರೆ ಆ ಚೌಕದೊಳಗೆ ಮಸುಕಾಗುವುದರಿಂದ ಕಡಲಗಾಳಿಯ ಅಂದಾಜು ಹಲವು ಸಲ ಕಡಿಮೆಯೇ ಬರುತ್ತದೆ. ಪಟ್ಟಿಯಲ್ಲಿ ಮಧ್ಯಾಹ್ನದ ಗಾಳಿ ಗಂಟೆಗೆ 8 ಕಿ.ಮೀ. ಎಂದಿದ್ದರೆ ನಾನು ಅದನ್ನು ನಂಬುವುದಿಲ್ಲ.

ಬೆಳಗಿನ ಜಾವದ ಮಾತು ಬೇರೆ. ರಾತ್ರಿಯಿಡೀ ತಣಿದ ನೆಲದಿಂದ ಕಡಲ ಕಡೆಗೆ ಮೆಲ್ಲಗೆ ಬೀಸುವ ಗಾಳಿ ಅಲೆಯ ಮುಖವನ್ನು ನಯವಾಗಿಸಿ, ಒಡೆಯುವುದನ್ನು ಒಂದು ಕ್ಷಣ ತಡಮಾಡಿಸುತ್ತದೆ. ಬೆಳಕು ಹರಿದಾಗಿನಿಂದ ನೀರಿನ ಮೇಲೆ ಮೊದಲ ಸುಕ್ಕುಗಳು ಮೂಡುವವರೆಗಿನ ಹೊತ್ತು ನಿಮ್ಮದು. ಸಂಜೆ ಕಡಲಗಾಳಿ ಇಳಿದ ಮೇಲೆ ಇನ್ನೊಂದು ಸಣ್ಣ ಅವಕಾಶ ಸಿಗುವುದುಂಟು, ಆದರೆ ಅದನ್ನು ನೆಚ್ಚಿಕೊಂಡು ದಿನವನ್ನು ಯೋಜಿಸಬೇಡಿ.

ಬೋರ್ಡ್ ಬಗ್ಗೆ: ಉದ್ದದ್ದು, ಅಗಲದ್ದು, ದಪ್ಪದ್ದು. ಚಿಕ್ಕ ಬೋರ್ಡ್ ತಂದು ಅಲೆಯೇ ಇಲ್ಲ ಎಂದು ದೂರುವವರ ಪಕ್ಕದಲ್ಲೇ ಲಾಂಗ್‌ಬೋರ್ಡಿನವರು ಮೊಣಕಾಲೆತ್ತರದ ಅಲೆಯನ್ನು ದಡದವರೆಗೂ ಸವಾರಿ ಮಾಡುತ್ತಿರುತ್ತಾರೆ. ಎದ್ದು ನಿಲ್ಲಲು ಕಲಿತು ಇನ್ನೂ ಪಳಗದವರಿಗೆ ಸಣ್ಣ ಅಲೆಯ ದಿನಗಳಷ್ಟು ಒಳ್ಳೆಯ ಪಾಠಶಾಲೆ ಬೇರೆ ಇಲ್ಲ ಎಂದು ಮನಸಾರೆ ನಂಬಿದ್ದೇನೆ. ತಿರುಗಿ ನೋಡಲು, ಹೆಜ್ಜೆ ಬದಲಿಸಲು, ಮತ್ತೆ ಮತ್ತೆ ಎದ್ದು ನಿಲ್ಲಲು ಬೇಕಾದಷ್ಟು ವ್ಯವಧಾನ ಸಿಗುತ್ತದೆ.

ತಳದ ಮರಳನ್ನು ಗಮನಿಸುವವರು

ಇಬ್ಬರೂ ನೀರಿನ ಮೇಲಿನ ಮಾತಾಡಿದ್ದಾರೆ, ನಾನು ಕೆಳಗಿನದ್ದನ್ನು ಸೇರಿಸುತ್ತೇನೆ. ಅಲೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳದ ನೀರಿಗೆ ಬಂದಾಗ ಒಡೆಯುತ್ತದೆ. ಅಂದರೆ 0.6 ಮೀಟರಿನ ಅಲೆ ಒಡೆಯಲು ಒಂದು ಮೀಟರಿಗೂ ಕಡಿಮೆ ನೀರು ಬೇಕು. ಹೊರಗಿನ ಮರಳದಿಣ್ಣೆಯ ಮೇಲೆ ಉಬ್ಬರದಲ್ಲಿ ಎರಡು ಮೀಟರ್ ನೀರಿದ್ದರೆ ಅಲೆ ಅದನ್ನು ಗಮನಿಸದೆ ದಾಟಿಬಂದು, ದಡದ ಇಳಿಜಾರಿನಲ್ಲಿ ಒಮ್ಮೆಗೇ ಕುಸಿಯುತ್ತದೆ. ಸವಾರಿಗೆ ಜಾಗವೇ ಸಿಗದು. ಅದೇ ಅಲೆ ಇಳಿತದ ಬಳಿಕ ನೀರು ಅರ್ಧ ಏರುವವರೆಗೆ ದಿಣ್ಣೆಯ ಮೇಲೆ ಚೆನ್ನಾಗಿ ಒಡೆಯಬಹುದು. ತೀರದಿಂದ ತೀರಕ್ಕೆ ಇದು ಬದಲಾಗುತ್ತದೆ. ಇಳಿತದ ಹೊತ್ತಿನಲ್ಲಿ ನಡೆದಾಡಿ ದಿಣ್ಣೆ ಎಲ್ಲಿದೆ, ನಡುವೆ ಕಂದಕ ಎಲ್ಲಿದೆ ಎಂದು ಕಣ್ಣಾರೆ ನೋಡಿಕೊಳ್ಳಿ. ಅಷ್ಟಮಿಯ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ಅಂತರ ಕಡಿಮೆ, ಹಾಗಾಗಿ ಒಳ್ಳೆಯ ಹೊತ್ತು ಉದ್ದವಾಗಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಸಮಯದಲ್ಲಿ ಅದು ಬೇಗ ಜಾರಿಹೋಗುತ್ತದೆ.

ಬಹಳ ದಿನ ಕಡಲು ತಣ್ಣಗಿದ್ದರೆ ದಿಣ್ಣೆಗಳೂ ಬದಲಾಗುತ್ತವೆ. ಬಿರುಗಾಳಿಯ ಅಲೆಗಳು ದಡದ ಮರಳನ್ನು ಹೊರಕ್ಕೆಳೆದು ದಿಣ್ಣೆ ಕಟ್ಟುತ್ತವೆ. ಸಣ್ಣ, ಸೌಮ್ಯ ಅಲೆಗಳು ಅದೇ ಮರಳನ್ನು ಮೆಲ್ಲಮೆಲ್ಲನೆ ದಡಕ್ಕೆ ತಂದು ಸೇರಿಸುತ್ತವೆ. ತೀರ ಅಗಲವಾಗಿ ಸುಂದರವಾಗಿ ಕಾಣುತ್ತದೆ, ದಿಣ್ಣೆ ಮಾತ್ರ ದಡಕ್ಕೆ ಅಂಟಿಕೊಂಡು ಮಾಯವಾಗಿರುತ್ತದೆ. ಆದ್ದರಿಂದ ನಿಮ್ಮ ನೇರ ತೀರದಲ್ಲಿ ಉದ್ದ ಅವಧಿಯ ಉಬ್ಬಲೆ ಬಂದರೂ ಅದು ತೀರದುದ್ದಕ್ಕೂ ಒಂದೇ ಗೋಡೆಯಾಗಿ ಒಟ್ಟಿಗೆ ಬೀಳುವ ಸಾಧ್ಯತೆ ಹೆಚ್ಚು. ಬಂಡೆಗಳ ತುದಿಯಲ್ಲಿ ಅಲೆ ಬಾಗಿ ಒಳಬರುವುದರಿಂದ ಅಲ್ಲಿ ಎತ್ತರ ಕಡಿಮೆಯಾದರೂ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಲಾಗಿ ಒಡೆಯುತ್ತದೆ. ನಾನಾಗಿದ್ದರೆ ಆ ಮೂಲೆಗೆ ಹೋಗುತ್ತಿದ್ದೆ, ಬಂಡೆಗಳಿಂದ ಸಾಕಷ್ಟು ದೂರ ಉಳಿದುಕೊಂಡು.

ತೀರದ ಜೀವರಕ್ಷಕರಾಗಿ ಕೆಲಸ ಮಾಡಿದವರು

ಕಡಲು ತಣ್ಣಗಿದ್ದರೆ ಅಪಾಯವಿಲ್ಲ ಎಂಬ ಭಾವನೆ ಬಹಳ ಜನರಲ್ಲಿದೆ. ದಯವಿಟ್ಟು ಅದನ್ನು ಬಿಡಿ. ಸೆಳೆತದ ಪ್ರವಾಹಕ್ಕೆ ದೊಡ್ಡ ಅಲೆಗಳೇ ಬೇಕೆಂದಿಲ್ಲ. ದಿಣ್ಣೆಗಳ ನಡುವೆ ಅಥವಾ ಬಂಡೆಗಳ ಪಕ್ಕದಲ್ಲಿ ಅಲೆ ಒಡೆಯದ, ಸ್ವಲ್ಪ ಕಪ್ಪಾಗಿ, ಶಾಂತವಾಗಿ ಕಾಣುವ ನೀರಿನ ಪಟ್ಟಿಯಿದ್ದರೆ ಅದು ನೀರು ಹೊರಕ್ಕೆ ಹರಿಯುವ ದಾರಿ. ಮಕ್ಕಳನ್ನು ಕರೆದುಕೊಂಡು ಬಂದವರು ಇಲ್ಲಿ ಅಲೆಯೇ ಇಲ್ಲವೆಂದು ಸರಿಯಾಗಿ ಅದೇ ಜಾಗಕ್ಕೆ ಇಳಿಯುವುದನ್ನು ನೋಡಿ ಎದೆ ಝಲ್ಲೆನ್ನುತ್ತದೆ.

ಉದ್ದ ಅವಧಿಯ ಉಬ್ಬಲೆ ಗುಂಪುಗುಂಪಾಗಿ ಬರುತ್ತದೆ. ಒಂದು ಗುಂಪು ಬಂದು ಹೋದರೆ ಹತ್ತು, ಹದಿನೈದು ನಿಮಿಷ ಏನೂ ಇರುವುದಿಲ್ಲ. ಕಾರಿನಿಂದಿಳಿದು ಎರಡು ನಿಮಿಷ ನೋಡಿ ಸಪಾಟಾಗಿದೆ ಎಂದುಕೊಂಡು ನೀರಿಗಿಳಿದವರ ಮೇಲೆ ಮುಂದಿನ ಗುಂಪು ಬಂದು ಬೀಳುತ್ತದೆ; ಅದರ ಬೆನ್ನಿಗೇ ಸೆಳೆತವೂ ಬಲಗೊಳ್ಳುತ್ತದೆ. ಕನಿಷ್ಠ ಇಪ್ಪತ್ತು ನಿಮಿಷ ದಡದಲ್ಲಿ ನಿಂತು ನೋಡಿ. ಪಟ್ಟಿಯಲ್ಲಿರುವ ಎತ್ತರ ಎಲ್ಲ ಅಲೆಗಳ ಪೈಕಿ ಅತಿ ದೊಡ್ಡದಾದ ಮೂರನೇ ಒಂದು ಭಾಗದ ಸರಾಸರಿ ಮಾತ್ರ. ಅದರ ಎರಡು ಪಟ್ಟು ಹತ್ತಿರದ ಅಲೆ ಕೆಲವು ಗಂಟೆಗಳಲ್ಲಿ ಒಂದಾದರೂ ಬರಬಹುದು. ಕೇರಳದ ತೀರದಲ್ಲಿ ಗಾಳಿಯಿಲ್ಲದ ದಿನವೇ ದಕ್ಷಿಣ ಹಿಂದೂ ಮಹಾಸಾಗರದಿಂದ ಬಂದ ಉಬ್ಬಲೆಗಳು ಮನೆಯಂಗಳಕ್ಕೆ ನುಗ್ಗುವುದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಭಾರತದಲ್ಲಿ ಇದಕ್ಕೆ ಎಚ್ಚರಿಕೆ ನೀಡುವುದು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ. ಎಲ್ಲೇ ಹೋಗಿ, ಅಲ್ಲಿನ ಅಧಿಕೃತ ಎಚ್ಚರಿಕೆಯನ್ನು ಅಲೆಯ ಪಟ್ಟಿಗಿಂತ ಮೊದಲು ನೋಡಿ.

ಸೆಳೆತಕ್ಕೆ ಸಿಕ್ಕರೆ ಬೋರ್ಡ್ ಬಿಡಬೇಡಿ, ಅದರ ಮೇಲೆ ಮಲಗಿ ತೇಲುತ್ತಾ ತೀರಕ್ಕೆ ಸಮಾನಾಂತರವಾಗಿ ಸರಿಯಿರಿ. ಆಳವಿಲ್ಲದ ದಿಣ್ಣೆಯ ಮೇಲೆ ಬೀಳುವಾಗ ತಲೆ ಮುಂದಾಗಿ ಧುಮುಕಬೇಡಿ. ಚಪ್ಪಟೆಯಾಗಿ ಬಿದ್ದು ತೋಳುಗಳಿಂದ ತಲೆ ಮುಚ್ಚಿಕೊಳ್ಳಿ. ಸಂಜೆ ಗುಡುಗು ಕೇಳಿದರೆ ತಕ್ಷಣ ನೀರಿನಿಂದ ಹೊರಬನ್ನಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಬಿಡಿಸಿ ತೋರಿಸುವ ಪುಟ ತೆರೆದು ನೋಡಿದೆ. ಇವತ್ತು ಭಾನುವಾರ. ಬುಧವಾರ ಬೆಳಿಗ್ಗೆವರೆಗೂ 0.5 ಮೀಟರ್, 8 ಸೆಕೆಂಡು. ಬುಧವಾರ ಸಂಜೆ ಎರಡನೆಯ ಸಾಲಿನಲ್ಲಿ 0.4 ಮೀಟರ್, 17 ಸೆಕೆಂಡು ಹೊಸದಾಗಿ ಹುಟ್ಟಿಕೊಂಡಿದೆ. ಅದು ಗುರುವಾರ ಮಧ್ಯಾಹ್ನ 0.8 ಮೀಟರ್, 15 ಸೆಕೆಂಡು, ಶುಕ್ರವಾರ ಸಂಜೆ 0.7 ಮೀಟರ್, 13 ಸೆಕೆಂಡು ಆಗುತ್ತದೆ. ಶುಕ್ರವಾರ ಬೆಳಿಗ್ಗೆ ಐದೂವರೆಗೆ ಇಳಿತ, ಹನ್ನೊಂದೂಮುಕ್ಕಾಲಿಗೆ ಉಬ್ಬರ. ಇದನ್ನು ನಂಬಬಹುದೇ?

ಹವಾಮಾನ ನಕ್ಷೆ ನೋಡುವ ಅಭ್ಯಾಸದವರು

ಹೌದು, ನಂಬಬಹುದು. ಲೆಕ್ಕ ಹಾಕಿ ನೋಡೋಣ. 17 ಸೆಕೆಂಡಿನ ಗುಂಪು ಗಂಟೆಗೆ ಸುಮಾರು 48 ಕಿ.ಮೀ., 13 ಸೆಕೆಂಡಿನದು 36ರಿಂದ 37 ಕಿ.ಮೀ. ಇವೆರಡರ ನಡುವೆ ಎರಡು ದಿನಗಳ ಅಂತರ ಬೀಳಬೇಕಾದರೆ ಅವು ಹೊರಟ ಜಾಗ ಸುಮಾರು 7,000 ಕಿ.ಮೀ. ದೂರದಲ್ಲಿರಬೇಕು. ಅಷ್ಟು ದೂರ ಸಾಗಲು ಮೊದಲಿನವುಗಳಿಗೆ ಆರು ದಿನಕ್ಕೂ ಹೆಚ್ಚು ಬೇಕು. ಅಂದರೆ ಆ ಬಿರುಗಾಳಿ ಮೊನ್ನೆ ಗುರುವಾರವೇ ಬೀಸಿದೆ, ಅಲೆಗಳು ಈಗಾಗಲೇ ದಾರಿಯಲ್ಲಿವೆ. ಇನ್ನೂ ಹುಟ್ಟದ ಬಿರುಗಾಳಿಯ ಅಲೆಯನ್ನು ಮಾದರಿ ತೋರಿಸುತ್ತಿದ್ದರೆ ಅದು ಬರೀ ಊಹೆ. ಮುಂದಿನ ಲೆಕ್ಕಾಚಾರದಲ್ಲಿ ಅಳಿಸಿಹೋಗಬಹುದು. ಇದು ಹಾಗಲ್ಲ. ಬರುವ ಹೊತ್ತು ಕೆಲವು ಗಂಟೆ ಆಚೀಚೆ ಆದೀತು, ಎತ್ತರ ತುಸು ಹೆಚ್ಚುಕಡಿಮೆ ಆದೀತು. ನಡುವೆ ದ್ವೀಪಗಳೇನಾದರೂ ಇದ್ದರೆ ಅಲೆಯ ಸ್ವಲ್ಪ ಭಾಗ ಅಲ್ಲೇ ತಡೆಯಾದೀತು. ನಕ್ಷೆಯಲ್ಲಿ ಅಲೆ ಬರುವ ದಿಕ್ಕಿಗೆ ಗೆರೆ ಎಳೆದು ನೋಡಿ. ಗುರುವಾರವೇ ಹೊರಡಿ ಎನ್ನುತ್ತೇನೆ.

ತಳದ ಮರಳನ್ನು ಗಮನಿಸುವವರು

ಗುರುವಾರ ಬೇಡ. 0.8 ಮೀಟರ್, 15 ಸೆಕೆಂಡು ಎಂದರೆ ಒಡೆಯುವಾಗ ಒಂದೂವರೆ ಮೀಟರ್. ದಿಣ್ಣೆಯಿಲ್ಲದ ನೇರ ತೀರದಲ್ಲಿ ಅಷ್ಟು ಉದ್ದ ಅವಧಿಯ ಅಲೆ ಪಳಗದವರಿಗೆ ಪೆಟ್ಟನ್ನಷ್ಟೇ ಕೊಡುತ್ತದೆ. ಶುಕ್ರವಾರ ಬೆಳಿಗ್ಗೆಯ ಹೊತ್ತಿಗೆ ಅವಧಿ 14ರ ಕೆಳಗಿಳಿದಿರುತ್ತದೆ, ಅಲೆ ಸುಮಾರು ಎದೆಮಟ್ಟ. ಎರಡು ದಿನಗಳ ಅಲೆ ತಳದ ಮರಳನ್ನೂ ಸ್ವಲ್ಪ ಕೆದಕಿರುತ್ತದೆ. ಇಳಿತ ಐದೂವರೆಗಾದರೆ ಏಳರಿಂದ ಒಂಬತ್ತೂವರೆವರೆಗೆ ನೀರು ಅರ್ಧ ಏರಿರುತ್ತದೆ, ಕಡಲಗಾಳಿ ಇನ್ನೂ ಎದ್ದಿರುವುದಿಲ್ಲ. ಬಂಡೆಗಳ ಕಡೆಯ ಮೂಲೆ.

ಮುಂಜಾನೆಯಲ್ಲೇ ನೀರಿಗಿಳಿಯುವ ಲಾಂಗ್‌ಬೋರ್ಡ್ ಸವಾರರು

ನನ್ನ ಮತವೂ ಶುಕ್ರವಾರಕ್ಕೆ. ಆದರೆ ರಜೆ ಸಿಗುವುದಾದರೆ ಬುಧವಾರ ಬೆಳಿಗ್ಗೆಯೇ ಅಲ್ಲಿರಿ. ಅವತ್ತಿನ ಸಣ್ಣ ಅಲೆಯಲ್ಲಿ ಕೈಕಾಲು ಆಡಿಸಿ, ಇಳಿತದಲ್ಲಿ ತಳ ನೋಡಿಕೊಳ್ಳಿ, ಗುರುವಾರ ದಡದಲ್ಲಿ ಕುಳಿತು ಅಲೆಗಳ ಗುಂಪು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ, ಸೆಳೆತ ಎಲ್ಲಿ ಹರಿಯುತ್ತದೆ ಎಂದು ಗುರುತು ಹಾಕಿಕೊಳ್ಳಿ. ಬುಧವಾರ ರಾತ್ರಿ ಹತ್ತಿರದ ತೇಲುವ ಅಲೆಮಾಪಕದ ದಾಖಲೆಯನ್ನೂ ತೆರೆಯಿರಿ. ಅದು ಮಾದರಿಯ ಲೆಕ್ಕವಲ್ಲ, ನಿಜವಾಗಿ ಅಳೆದ ಅಲೆ. ಅಲ್ಲಿ 16, 17 ಸೆಕೆಂಡು ಕಾಣಿಸಿದರೆ ಶುಕ್ರವಾರ ಬೆಳಿಗ್ಗೆ ಏಳಕ್ಕೆ ನೀರಿನಲ್ಲಿರಿ. ಗುರುವಾರ ಬೆಳಗಾದರೂ ಕಾಣದಿದ್ದರೆ ಅಲೆ ತಡವಾಗಿದೆ ಎಂದರ್ಥ, ಶನಿವಾರ ಬೆಳಗನ್ನೂ ಖಾಲಿ ಇಟ್ಟುಕೊಳ್ಳಿ.