ಮೂರನೇ ಸಿಲಿಂಡರ್ ಮಿಸ್ಸಿಂಗ್: ಹೊಸ ಕಾಯಿಲ್ ಹಾಕಿ ನಾಲ್ಕೇ ತಿಂಗಳು, ಈಗ ಇಸಿಎಂ ಹೋಗಿದೆ ಅನ್ನುತ್ತಿದ್ದಾರೆ

ಪುತ್ತೂರಿನವ

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರ್, ಓಡಿದ್ದು 92,000 ಕಿ.ಮೀ. ಪ್ಲಗ್ ವೈರ್ ಇಲ್ಲ, ಪ್ರತಿ ಪ್ಲಗ್ಗಿನ ತಲೆ ಮೇಲೂ ಕಿಡಿಗೆ ಕರೆಂಟ್ ಕೊಡುವ ಒಂದೊಂದು ಕಾಯಿಲ್ ಕೂತಿರುವ ಮಾದರಿ.

ಹೋದ ವಾರ ತಂಗಿ ಮನೆಗೆಂದು ಹಾಸನಕ್ಕೆ ಹೊರಟಿದ್ದೆ. ಉಪ್ಪಿನಂಗಡಿ ತನಕ ಏನೂ ತೊಂದರೆ ಇಲ್ಲ. ಗುಂಡ್ಯ ದಾಟಿ ಶಿರಾಡಿ ಹತ್ತಲು ಶುರುಮಾಡಿದ್ದೇ ತಡ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ. ಜಡಿಮಳೆ, ಹಿಂದೆ ಟ್ಯಾಂಕರ್‌ಗಳ ಸಾಲು. ಚೆಕ್ ಲೈಟ್ ಮಿಣಮಿಣ ಅಂದಿತು, ಆಮೇಲೆ ಒಂದೇ ಸಮ ಉರಿಯಿತು. ಎರಡನೇ ಗೇರಿನಲ್ಲಿ ಮೆಲ್ಲಗೆ ಹತ್ತಿಸಿದರೆ ಸುಮ್ನೆ ಹೋಗುತ್ತದೆ. ಸಪಾಟು ರಸ್ತೆಯಲ್ಲಂತೂ ಏನೂ ಗೊತ್ತೇ ಆಗುವುದಿಲ್ಲ.

ನನ್ನ ಹತ್ತಿರ ಬ್ಲೂಟೂತ್ ಸ್ಕ್ಯಾನರ್ ಇದೆ. ಕೋಡ್ ಪಿ0303, ಅಂದರೆ ಮೂರನೇ ಸಿಲಿಂಡರ್ ಮಿಸ್ಸಿಂಗ್. ನಾಲ್ಕು ತಿಂಗಳ ಹಿಂದೆಯೂ ಇದೇ ಕೋಡ್ ಬಂದಿತ್ತು. ಆಗ ಗ್ಯಾರೇಜಿನಲ್ಲಿ ಮೂರನೇ ಕಾಯಿಲ್ ಬದಲಿಸಿದರು, ಸರಿಯಾಯಿತು. ಈಗ ಅವರೇ "ಹೊಸ ಕಾಯಿಲ್ ಇಷ್ಟು ಬೇಗ ಹೋಗುವುದಿಲ್ಲ, ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, 28,000 ಆಗುತ್ತದೆ" ಅನ್ನುತ್ತಿದ್ದಾರೆ. ಅಷ್ಟು ದುಡ್ಡು ಸುರಿಯುವ ಮೊದಲು ನಾನೇ ನೋಡಬಹುದಾದದ್ದು ಏನಾದರೂ ಇದೆಯಾ?

ರಿಂಗ್ ರೋಡ್ ರಾಜ

ಕಲಬೆರಕೆ ಪೆಟ್ರೋಲ್ ಇರಬೇಕು ಬ್ರೋ. ಒಂದು ಬಾಟಲಿ ಇಂಜೆಕ್ಟರ್ ಕ್ಲೀನರ್ ಹಾಕಿ ಹೈವೇಯಲ್ಲಿ ಚೆನ್ನಾಗಿ ಓಡಿಸಿ.

ತೀರ್ಥಹಳ್ಳಿ ಎಲೆಕ್ಟ್ರಿಷಿಯನ್

ಪೆಟ್ರೋಲ್ ಕೆಟ್ಟಿದ್ದರೆ ನಾಲ್ಕೂ ಸಿಲಿಂಡರ್ ಕುಡಿಯುವುದು ಅದನ್ನೇ ಅಲ್ವಾ ಮಾರಾಯ್ರೆ? ಮೂರನೆಯದಕ್ಕೆ ಮಾತ್ರ ಯಾಕೆ ಹೊಟ್ಟೆನೋವು?

ಪುತ್ತೂರಿನವರೇ, ಮೊದಲು ಒಂದು ಮಾತು. ಲೈಟ್ ಮಿಣುಕುತ್ತಿರುವಾಗ ಗಾಡಿ ಎಳೆಯಬೇಡಿ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಇಳಿದು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ. ಆ ಕಾವಿಗೆ ಅದರೊಳಗಿನ ಜೇನುಗೂಡಿನಂಥ ಜಾಲರಿ ಕರಗಿಹೋಗುತ್ತದೆ. ಅದರ ಖರ್ಚು ಕೇಳಿದರೆ ಇಸಿಎಂ ಅಗ್ಗ ಅನ್ನಿಸೀತು.

ಈಗ ಕೋಡ್ ವಿಷಯ. ಪಿ0303 ಅಂದರೆ ಕಾಯಿಲ್ ಕೆಟ್ಟಿದೆ ಅಂತ ಅರ್ಥ ಅಲ್ಲ. ಪ್ರತಿ ಸಲ ಸಿಲಿಂಡರ್ ಹೊಡೆದಾಗ ಕ್ರ್ಯಾಂಕ್ (ಇಂಜಿನ್ನಿನ ತಿರುಗುವ ದಂಡ) ಎಷ್ಟು ಜೋರಾಗಿ ತಿರುಗಿತು ಅಂತ ಕ್ರ್ಯಾಂಕ್ ಸೆನ್ಸರ್ ನೋಡುತ್ತಿರುತ್ತದೆ. ಮೂರನೆಯದರ ಸರದಿಯಲ್ಲಿ ಮಾತ್ರ ಕ್ರ್ಯಾಂಕ್ ಸೋತಿತು, ಅಷ್ಟೇ ಅದು ಹೇಳುವುದು. ಯಾಕೆ ಸೋತಿತು ಅಂತ ನಾವೇ ಹುಡುಕಬೇಕು. ಇಸಿಎಂನಿಂದ ಕಾಯಿಲ್‌ಗೆ ಹೋಗುವ ಲೈನ್ ಕೆಟ್ಟಿದ್ದರೆ ಸಾಮಾನ್ಯವಾಗಿ ಪಿ0353 ಬರುತ್ತದೆ. ನಿಮಗೆ ಬಂದಿಲ್ಲ. 24 ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ನಿಜವಾಗಿಯೂ ಸತ್ತ ಇಸಿಎಂಗಳನ್ನು ಬೆರಳಲ್ಲಿ ಎಣಿಸಬಹುದು. ಅದರಲ್ಲೂ ಹೆಚ್ಚಿನವು ನೀರು ಕುಡಿದವು.

ಸಪಾಟಿನಲ್ಲಿ ಸರಿ, ಘಾಟಿಯಲ್ಲಿ ಮಾತ್ರ ಜಗ್ಗುತ್ತದೆ ಅಂದಿರಲ್ಲ, ಅದೇ ದೊಡ್ಡ ಸುಳಿವು. ಆಕ್ಸಿಲರೇಟರ್ ಒತ್ತಿದಷ್ಟೂ ಸಿಲಿಂಡರಿಗೆ ಗಾಳಿ ಜಾಸ್ತಿ, ಒತ್ತಡ ಜಾಸ್ತಿ. ಒತ್ತಡ ಜಾಸ್ತಿಯಾದಷ್ಟೂ ಪ್ಲಗ್ಗಿನ ಗ್ಯಾಪ್ ದಾಟಲು ಕಿಡಿಗೆ ಕಷ್ಟ. ಎಲ್ಲೋ ಕಿಡಿ ಸೋರಿಕೆ ಇದ್ದರೆ ಅದು ಹೊರಬೀಳುವುದು ಆಗಲೇ. ಪ್ಲಗ್ ಬಿಚ್ಚಿ ಹೆಡ್‌ಗೆ ತಾಗಿಸಿ "ನೋಡಿ, ಕಿಡಿ ಬರ್ತಿದೆ" ಅಂತ ತೋರಿಸುವ ಹಳೇ ಪರೀಕ್ಷೆ ಇದೆಯಲ್ಲ, ಅದನ್ನು ನಂಬಬೇಡಿ. ಹೊರಗಿನ ಗಾಳಿಯಲ್ಲಿ ಸೋತ ಕಾಯಿಲ್ ಕೂಡ ಕಿಡಿ ಹಾರಿಸುತ್ತದೆ. ಆ ಕಸರತ್ತಿನಲ್ಲಿ ಶಾಕ್ ಹೊಡೆಸಿಕೊಂಡವರನ್ನೂ ನೋಡಿದ್ದೇನೆ. 20,000 ವೋಲ್ಟಿನ ಮೇಲೆ ಇರುತ್ತದೆ, ತಮಾಷೆ ಅಲ್ಲ.

ಮೀಟರ್ ಇಟ್ಟು ಓಮ್ ಅಳೆಯುವುದೂ ಬೇಡ. ಇಗ್ನೈಟರ್ (ಕಿಡಿ ಹೊಡೆಸುವ ಎಲೆಕ್ಟ್ರಾನಿಕ್ ಸ್ವಿಚ್ಚು) ಒಳಗೇ ಇರುವ ಕಾಯಿಲ್‌ನಲ್ಲಿ ಆ ಲೆಕ್ಕ ಸಿಗುವುದಿಲ್ಲ. ಇಂಜಿನ್ ತಣ್ಣಗಾದ ಮೇಲೆ ಮೂರನೇ ಕಾಯಿಲ್ ತೆಗೆದು ಒಂದಕ್ಕೆ ಹಾಕಿ, ಒಂದರದ್ದು ಮೂರಕ್ಕೆ. ಕೋಡ್ ಅಳಿಸಿ, ಒಂದು ಏರಿನಲ್ಲಿ ಓಡಿಸಿ. ಒಂದನೆಯದರ ಕೋಡ್ ಪಿ0301 ಬಂದರೆ ಕಾಯಿಲ್ ಕೆಟ್ಟಿದೆ. ಪಿ0303 ಅಲ್ಲೇ ಇದ್ದರೆ ಪ್ಲಗ್, ಇಲ್ಲವೇ ಇಂಜೆಕ್ಟರ್, ಕಂಪ್ರೆಶನ್. ಅಂದಹಾಗೆ, ಪ್ಲಗ್ ಕೊನೆಗೆ ಬದಲಿಸಿದ್ದು ಯಾವಾಗ? ಕಾಯಿಲ್‌ಗೆ ಸಿಕ್ಕಿಸುವ ಕಪ್ಲರಿನ ವೈರನ್ನೂ ಒಮ್ಮೆ ನೋಡಿ. ಅಡಿಕೆ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರಾದರೆ ಇಲಿ ಬಿಟ್ಟಿರುವುದಿಲ್ಲ.

ಪುತ್ತೂರಿನವ

ಇಲಿ ಕಡಿದಿಲ್ಲ ಸರ್. ಪ್ಲಗ್ ಹಾಕಿಸಿದ್ದು 50,000ದಲ್ಲಿ, ಮಾಮೂಲಿ ನಿಕಲ್ ಪ್ಲಗ್. ನೀವು ಹೇಳಿದ ಹಾಗೆ ಕಾಯಿಲ್ ಅದಲು ಬದಲು ಮಾಡಿದೆ. ಮನೆ ಹತ್ತಿರದ ಗುಡ್ಡದ ರಸ್ತೆ ಎರಡು ಸಲ ಹತ್ತಿಸಿದೆ. ಈಗ ಪಿ0301, ಪಿ0303 ಎರಡೂ ಬಂದಿವೆ! ಮೊದಲು ಒಂದು ಸಿಲಿಂಡರ್ ಜಗ್ಗುತ್ತಿತ್ತು, ಈಗ ಎರಡು. ಗ್ಯಾರೇಜಿನವರಿಗೆ ಫೋನ್ ಮಾಡಿದರೆ "ನಾನು ಹೇಳಲಿಲ್ವಾ, ಇಸಿಎಂ" ಅಂತಾರೆ.

ತೀರ್ಥಹಳ್ಳಿ ಎಲೆಕ್ಟ್ರಿಷಿಯನ್

ತಪ್ಪು ನನ್ನದು. ಬದಲಿಸುವ ಮೊದಲು ಕಣ್ಣಿಂದ ನೋಡಿ ಅಂತ ಹೇಳಬೇಕಿತ್ತು, ಅವಸರ ಮಾಡಿದೆ. ಆದರೆ ಈಗ ರೋಗ ಸಿಕ್ಕಿತು ಅನ್ನಿಸುತ್ತಿದೆ. ಕಾಯಿಲ್ ತನ್ನ ಜೊತೆ ರೋಗ ತೆಗೆದುಕೊಂಡು ಒಂದಕ್ಕೆ ಹೋಯಿತು, ಮೂರರಲ್ಲೂ ರೋಗ ಉಳಿಯಿತು. ಅಂದರೆ ಕಾಯಿಲ್ ಬೂಟು (ಪ್ಲಗ್ಗಿನ ತಲೆಗೆ ಕೂರುವ ರಬ್ಬರ್ ಕೊಳವೆ), ಪ್ಲಗ್ಗು ಎರಡೂ ಕೆಟ್ಟಿವೆ.

ಮೂರನೇ ಪ್ಲಗ್ ಬಿಚ್ಚಿ. ಬಿಚ್ಚುವ ಮೊದಲು ಟಾರ್ಚ್ ಹಾಕಿ ಪ್ಲಗ್ ಕೂತಿರುವ ಗುಂಡಿಯೊಳಗೆ ನೋಡಿ. ಎಣ್ಣೆ ಇದ್ದರೆ ಬಟ್ಟೆ ಸುತ್ತಿದ ಕಡ್ಡಿಯಿಂದ ಪೂರ್ತಿ ಒರೆಸಿ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರಿಗೆ ಇಳಿಯುತ್ತದೆ. ಪ್ಲಗ್ ಹೊರಬಂದ ಮೇಲೆ ಕಿಡಿ ಬರುವ ತುದಿಯನ್ನಲ್ಲ, ಮೇಲಿನ ಬಿಳಿ ಪಿಂಗಾಣಿಯನ್ನು ಬಿಸಿಲಿನಲ್ಲಿ ತಿರುಗಿಸಿ ನೋಡಿ. ತಲೆಯಿಂದ ಕಬ್ಬಿಣದ ತನಕ ಪೆನ್ಸಿಲಿನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ ಇದೆಯಾ? ಉಗುರಲ್ಲಿ ಕೆರೆದರೂ ಹೋಗದಿದ್ದರೆ ಅದೇ ಕಾರ್ಬನ್ ಗೆರೆ. ಒಳಗೆ ಹಾರಬೇಕಾದ ಕಿಡಿ ಹೊರಗಿನಿಂದಲೇ ಪ್ಲಗ್ಗಿನ ಕಬ್ಬಿಣಕ್ಕೆ ಇಳಿಯಲು ಮಾಡಿಕೊಂಡ ಕಳ್ಳದಾರಿ ಅದು. ಕಬ್ಬಿಣದ ಅಂಚಿನಲ್ಲಿ ಸುತ್ತ ಕಂದು ಕಲೆ ಇದ್ದರೆ ಅದಕ್ಕೆ ಹೆದರಬೇಡಿ, ಅದು ಏನೂ ಮಾಡುವುದಿಲ್ಲ.

ಗೆರೆ ಪ್ಲಗ್ಗಿನ ಮೇಲಿದ್ದರೆ ಬೂಟಿನ ಒಳಗೋಡೆಯಲ್ಲೂ ಅದರ ಪಡಿಯಚ್ಚು ಇರುತ್ತದೆ. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಹಳೆಯದು ಹೊಸದಕ್ಕೂ ಗೆರೆ ಎಳೆಯುತ್ತದೆ. ನಾಲ್ಕು ತಿಂಗಳ ಹಿಂದೆ ಹೊಸ ಕಾಯಿಲ್ ಹಾಕಿ ಹಳೇ ಪ್ಲಗ್ಗನ್ನೇ ಬಿಟ್ಟಿರಬೇಕು. ಬಿಲ್ ತೆಗೆದು ನೋಡಿ.

ಹುಬ್ಬಳ್ಳಿ ಟ್ಯಾಕ್ಸಿ

ನನ್ನ ಸಿಎನ್‌ಜಿ ಗಾಡಿಯಲ್ಲೂ ಇದೇ ಕಥೆ ರೀ. ಗ್ಯಾಸಿಗೆ ಕಿಡಿ ಇನ್ನೂ ಜೋರು ಬೇಕು. ಪ್ಲಗ್ ಗ್ಯಾಪ್ ಸವೆದು ಅಗಲ ಆದರೆ ಮೊದಲು ಸಿಎನ್‌ಜಿಯಲ್ಲಿ ಜಗ್ಗುತ್ತದೆ, ಪೆಟ್ರೋಲಿಗೆ ಹಾಕಿದರೆ ಸುಮ್ಮನಾಗುತ್ತದೆ. ನಾನು ಎರಡು ಕಾಯಿಲ್ ಸುಮ್ನೆ ಖರೀದಿಸಿದ ಮೇಲೆ ಗೊತ್ತಾಯಿತು. ಆ ಹಳೇ ಕಾಯಿಲ್ ಎರಡೂ ಡಿಕ್ಕಿಯಲ್ಲೇ ಇವೆ, ಚೆನ್ನಾಗೇ ಇವೆ.

ಪುತ್ತೂರಿನವ

ಸರ್, ಗೆರೆ ಇದೆ! ಕೂದಲಿನಷ್ಟು ತೆಳು. ಬಲ್ಬಿನ ಬೆಳಕಿನಲ್ಲಿ ಕಾಣಲಿಲ್ಲ, ಅಂಗಳಕ್ಕೆ ತಂದು ತಿರುಗಿಸಿದಾಗ ಕಂಡಿತು. ಬೂಟನ್ನು ಬ್ಲೇಡಿನಲ್ಲಿ ಸೀಳಿ ನೋಡಿದೆ, ಒಳಗೂ ಅದೇ ಜಾಗದಲ್ಲಿ ಬೂದು ಗೆರೆ. ಬಿಲ್‌ನಲ್ಲಿ ಇರುವುದು ಕಾಯಿಲ್ ಮಾತ್ರ, ಪ್ಲಗ್ ಇಲ್ಲ. ಗ್ಯಾಪ್ 1.1 ಮಿ.ಮೀ. ಇರಬೇಕಾದ ಕಡೆ 1.4 ಆಗಿತ್ತು. ಗುಂಡಿಯ ತಳದಲ್ಲಿ ಅರ್ಧ ಚಮಚೆಯಷ್ಟು ಎಣ್ಣೆ, ಬೂಟಿನ ತುದಿ ಉಬ್ಬಿ ಮೆತ್ತಗಾಗಿದೆ.

ತೀರ್ಥಹಳ್ಳಿ ಎಲೆಕ್ಟ್ರಿಷಿಯನ್

ಎಣ್ಣೆ ಬರುವುದು ಟ್ಯಾಪೆಟ್ ಕವರಿನ (ಇಂಜಿನ್ನಿನ ಮೇಲಿನ ಮುಚ್ಚಳ) ಕೆಳಗಿನ ಪ್ಲಗ್ ಸೀಲಿನಿಂದ. ಅದನ್ನು ಬಿಟ್ಟು ಉಳಿದದ್ದೆಲ್ಲ ಹೊಸದು ಹಾಕಿದರೆ ಮುಂದಿನ ಮಳೆಗಾಲಕ್ಕೆ ಇಲ್ಲೇ ಮತ್ತೆ ಸಿಗುತ್ತೀರಿ. ಪ್ಯಾಕಿಂಗ್ ಮತ್ತು ಸೀಲ್ ಸೆಟ್ ತರಿಸಿ. ನಾಲ್ಕೂ ಪ್ಲಗ್ ಬದಲಿಸಿ. ಮೂರನೇ ಕಾಯಿಲ್ ಒಂದರ ಮೇಲೂ ಕೂತಿತ್ತಲ್ಲ, ಆ ಪ್ಲಗ್ ಉಳಿಸಿಕೊಳ್ಳುವುದು ಬೇಡ. ನಿಮ್ಮ ಮಾದರಿಗೆ ಬೂಟು ಬೇರೆ ಸಿಗುತ್ತದಾ ಕೇಳಿ, ಸಿಕ್ಕರೆ ಪೂರ್ತಿ ಕಾಯಿಲ್ ಬೇಡ. ಮೂರರ ಮೇಲೆ ಈಗ ಕೂತಿರುವ ಒಂದನೇ ಕಾಯಿಲ್‌ನ ಬೂಟಿಗೂ ಗೆರೆ ಅಂಟಿರಬಹುದು, ಅದಕ್ಕೂ ಒಂದು ತನ್ನಿ.

ಪ್ಲಗ್ ಹಾಕುವಾಗ ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ. ಹೆಡ್ ಅಲ್ಯುಮಿನಿಯಂ, ಥ್ರೆಡ್ ಅಡ್ಡ ಹತ್ತಿದರೆ ಆಮೇಲೆ ಅತ್ತು ಪ್ರಯೋಜನ ಇಲ್ಲ. ವಾಷರ್ ಇರುವ ಹೊಸ ಪ್ಲಗ್ ಆದರೆ ಬೆರಳಲ್ಲಿ ಕೂತ ಮೇಲೆ ಪಾನಾದಿಂದ ಇನ್ನು ಅರ್ಧ ಸುತ್ತು ಸಾಕು.

ಪುತ್ತೂರಿನವ

ಸೀಲ್ ಸೆಟ್ ಮಂಗಳೂರಿನಿಂದ ಬರಲು ಮೂರು ದಿನ ಹಿಡಿಯಿತು. ಪ್ಲಗ್, ಸೀಲ್, ಎರಡು ಬೂಟು ಸೇರಿ 2,350 ರೂಪಾಯಿ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಸ್ವಲ್ಪ ನೀಲಿ ಹೊಗೆ ಬಂತು, ಗಾಬರಿಯಾದೆ. ಒಳಗೆ ಇಳಿದಿದ್ದ ಎಣ್ಣೆ ಇರಬೇಕು, ಎರಡು ನಿಮಿಷದಲ್ಲಿ ನಿಂತಿತು.

ನಿನ್ನೆ ಮತ್ತೆ ಶಿರಾಡಿ. ಗುಂಡ್ಯದಿಂದ ಸಕಲೇಶಪುರದ ತನಕ ಬೇಕೆಂದೇ ಮೂರನೇ ಗೇರಿನಲ್ಲಿ ಎಳೆದೆ. ಪಕ್ಕದಲ್ಲಿ ಕೂತಿದ್ದ ಅಮ್ಮ "ಇವತ್ತು ಯಾಕೆ ಇಷ್ಟು ಜೋರು?" ಅಂತ ಎರಡು ಸಲ ಬೈದರು. ಲೈಟ್ ಬರಲಿಲ್ಲ. ಇನ್ನೊಂದು ಪ್ರಶ್ನೆ ಸರ್: ತಿಂಗಳು ಬಿಟ್ಟು ಪ್ಲಗ್ ಬಿಚ್ಚಿ ನೋಡಬೇಕಾ?

ತೀರ್ಥಹಳ್ಳಿ ಎಲೆಕ್ಟ್ರಿಷಿಯನ್

ಬೇಡ. ಸುಮ್ನೆ ಥ್ರೆಡ್ ಸವೆಸಬೇಡಿ. ನವರಾತ್ರಿ ಹೊತ್ತಿಗೆ ಕಾಯಿಲ್ ಮಾತ್ರ ಎತ್ತಿ, ಗುಂಡಿಯಲ್ಲಿ ಎಣ್ಣೆ ಇದೆಯಾ ಅಂತ ಟಾರ್ಚ್ ಹಾಕಿ ನೋಡಿ.